ಇವತ್ತು ಯಾವ ಗಿಡ

ಕೀಲಿ ತಿರುಗಿಸಿದರೆ ಕಾರು ಎರಡು ಸಲ ಟಕ್ ಟಕ್ ಎಂದು, ಯಾರೋ ಬಾಗಿಲು ಬಡಿದು ಮನಸ್ಸು ಬದಲಿಸಿ ಹೊರಟುಹೋದ ಹಾಗೆ, ಸುಮ್ಮನಾಯಿತು. ಪ್ರಿಯಂವದಾ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿ ಮತ್ತೊಮ್ಮೆ ತಿರುಗಿಸಿದಳು. ಈ ಸಲ ಒಂದೇ ಟಕ್. ಡಿಸೆಂಬರ್ ಬಂತೆಂದರೆ ಇದರದು ಇದೇ ಹಾಡು. ಹೋದ ಚಳಿಗಾಲವೂ ಹೀಗೆಯೇ, ಅದರ ಹಿಂದಿನದೂ ಹೀಗೆಯೇ. ಮೇ ತಿಂಗಳ ಬಿಸಿಲಲ್ಲಿ ಕೊಂಡಾಪುರದ ಮನೆಯಿಂದ ಬಾಲಾನಗರದ ಫ್ಯಾಕ್ಟರಿಯವರೆಗೆ ಸಿಗ್ನಲ್ಲಿಗೊಮ್ಮೆ ನಿಂತು ಬೇಯುವಾಗಲೂ ಒಂದು ದಿನವೂ ಕೈಕೊಡದ ಗಾಡಿ, ಹದಿಮೂರು ಡಿಗ್ರಿಯ ಈ ಪುಟಗೋಸಿ ಚಳಿಗೆ ಮುದುಡಿ ಮಲಗುತ್ತದೆ. ಮಲಗುವುದಾದರೂ ಅವಳು ಕೋಟು ಬಿಚ್ಚುವ ಮೊದಲೇ ಗೊತ್ತಾಗಬಾರದೇ? ಕಾರಿನ ಬಾಗಿಲು ಹಾಕಿಕೊಂಡ ತಕ್ಷಣ ಅವಳು ಮಾಡುವ ಮೊದಲ ಕೆಲಸ ಆ ಬೂದು ಬಣ್ಣದ ಫ್ಯಾಕ್ಟರಿ ಕೋಟಿನ ಐದೂ ಗುಂಡಿ ಬಿಚ್ಚಿ ಅದನ್ನು ಮಡಚಿ ಹಿಂದಿನ ಸೀಟಿಗೆ ಎಸೆಯುವುದು. ಆಮೇಲೆ ಕೀಲಿ. ಈಗ ಅವಳು ಮರದ ತುದಿಯಲ್ಲಿ ಹೊತ್ತಿಕೊಂಡ ನೀರುಕಾಯಿ ಹೂವಿನ ಹಾಗೆ, ಕೆಂಪೋ ಕಿತ್ತಳೆಯೋ ಹೇಳಲಾಗದ ಬಣ್ಣದ ಪೋಚಂಪಲ್ಲಿ ಸೀರೆಯಲ್ಲಿ, ಅಂಚಿಗೆ ಹೂವಿಗಿರುವಷ್ಟೇ ತೆಳುವಾದ ಹಳದಿ ಗೆರೆಯೊಂದಿಗೆ, ಅಪಾರ್ಟ್‌ಮೆಂಟಿನ ಕತ್ತಲು ಮೂಲೆಯ ಪಾರ್ಕಿಂಗಿನಲ್ಲಿ ಕುಳಿತಿದ್ದಳು. ಕೈಚೀಲದಲ್ಲಿ ಸ್ವಯಂ ನಿವೃತ್ತಿಯ ಅರ್ಜಿ ಇತ್ತು. ಎಲ್ಲ ಕಾಲಮ್ಮೂ ತುಂಬಿದ್ದಳು, ಸಹಿಯೊಂದು ಬಾಕಿ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಅದನ್ನು ತೆಗೆದುಕೊಳ್ಳುವುದು ನಿಲ್ಲಿಸುತ್ತಾರೆ.

ಗಾಜಿನ ಮೇಲೆ ಬೆರಳ ಗೆಣ್ಣಿನ ಸದ್ದಾಯಿತು. ವಾಚ್‌ಮನ್ ಚಂದ್ರಾಮ. ಯಾದಗಿರಿ ಕಡೆಯವನು, ಬೇರೆಯವರೊಂದಿಗೆ ತೆಲುಗು, ಹಿಂದಿ ಆಡಿದರೂ ಇವಳ ಹತ್ತಿರ ಮಾತ್ರ ತನ್ನ ಊರಿನ ಮಾತು ಬಿಚ್ಚುತ್ತಾನೆ.

"ಮತ್ತ ಮಕ್ಕೊಂಡೈತೇನ್ರಿ ಮೇಡಮ್ಮೋರ?"

"ಹೂಂ. ಈ ವಾರದಾಗ ಮೂರನೇದ್ದು."

"ಇದು ಗಾಡಿ ಅಲ್ರಿ, ನಮ್ಮ ಸಣ್ಣ ಅಳಿಯ. ಥಂಡಿ ಬಿದ್ರ ಸಾಕು, ಕೌದಿ ಹೊತ್ತು ಬಿಡ್ತಾನ. ತಡೀರಿ, ಎಬ್ಬಸೂಣು."

ಎದುರಿನ ಕಟ್ಟಡದಲ್ಲಿ ಕೆಲಸಕ್ಕೆ ಬಂದಿದ್ದ ಇಬ್ಬರನ್ನು ಅವನು ಸೀಟಿ ಹೊಡೆದು ಕರೆದ. ಮೂವರೂ ಸೇರಿ ಕಾರನ್ನು ಕತ್ತಲಿನಿಂದ ಎಳೆಬಿಸಿಲಿಗೆ, ಗೇಟು ದಾಟಿಸಿ, ರಸ್ತೆ ಸ್ವಲ್ಪ ಇಳಿಜಾರಾಗುವ ಜಾಗಕ್ಕೆ ತಳ್ಳಿದರು. ತಳ್ಳಿಸಿಕೊಳ್ಳುವ ಕಾರಿನೊಳಗೆ ಕೂತು ಸ್ಟಿಯರಿಂಗ್ ಹಿಡಿಯುವಾಗ ಅವಳಿಗೆ ಪ್ರತಿ ಸಲ ಹೀಗೇ ಆಗುತ್ತದೆ. ತನ್ನನ್ನೇ ಯಾರೋ ಬೆನ್ನಿಗೆ ಕೈಕೊಟ್ಟು ಮೆರವಣಿಗೆ ಹೊರಡಿಸಿದ ಹಾಗೆ. ಶಾಲೆಯ ವ್ಯಾನಿನ ಮಕ್ಕಳು ಕಿಟಕಿಗೆ ಮೂಗು ಒತ್ತಿ ನೋಡಿದರು. ಎರಡನೇ ಮಹಡಿಯ ಹೆಂಗಸು ಹಾಲಿನ ಪೊಟ್ಟಣ ಹಿಡಿದು ನಿಂತವಳು ಮೊದಲು ಕಾರು ನೋಡಿದಳು, ಆಮೇಲೆ ಸೀರೆ ನೋಡಿದಳು, ಆಮೇಲೆ ತುಟಿ ಬಿಗಿದಳು. ಆ ಬಿಗಿದ ತುಟಿಯನ್ನು ಪ್ರಿಯಂವದಾ ಬಲ್ಲಳು. ಅದು ಭವಾನಿ ಅಕ್ಕನ ತುಟಿ. ಗಂಡನ ಅಕ್ಕ ಭವಾನಿ ಎರಡು ವರ್ಷದ ಹಿಂದೆ ಕಾಚಿಗೂಡದಿಂದ ತಮ್ಮನನ್ನು ನೋಡಲು ಬಂದವರು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ, ದನಿ ತಗ್ಗಿಸುವ ಸೌಜನ್ಯವೂ ಇಲ್ಲದೆ, ಯಾರಿಗೋ ಹೇಳಿದ್ದರು: "ಅಂವಾ ಹಾಸಿಗಿ ಹಿಡದಾನ. ಈಕಿ ನೋಡಿದ್ರ ದಿನಾ ಮದುವಿ ಮನಿಗೆ ಹೊಂಟವರಗತೆ ಹೊಂಟಿರ್ತಾಳ." ಮರುದಿನವೇ ಅವಳು ಬೂದು ಕೋಟು ಹಾಕಿಕೊಂಡು ಮಲಗುವ ಕೋಣೆಯಿಂದ ಹೊರಬಂದಳು. ಫ್ಯಾಕ್ಟರಿಯ ಹೊಸ ರೂಲು ಎಂದಳು. ಅಳತೆಯ ಕೋಣೆಯಲ್ಲಿ, ಮೈಕ್ರೋಮೀಟರು ಹಿಡಿದು ಉಕ್ಕಿನ ಬಿಲ್ಲೆಗಳ ದಪ್ಪ ನೋಡುತ್ತಿದ್ದ ಕಾಲದಲ್ಲಿ ಆ ಕೋಟು ಬೇಕಿತ್ತು, ನಿಜ. ದಾಖಲೆಗಳ ಮೇಜಿಗೆ ಬಂದ ಮೇಲೆ ಯಾರೂ ಕೇಳುವುದಿಲ್ಲ. ಇಪ್ಪತ್ತಾರು ವರ್ಷ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ತಪ್ಪು ಹಿಡಿಯುತ್ತಿದ್ದವಳು ಇಷ್ಟು ದೊಡ್ಡ ಸುಳ್ಳನ್ನು ದಿನಾ ಐದು ಗುಂಡಿ ಹಾಕಿ ಮುಚ್ಚುತ್ತಾಳೆ.

"ಸೆಕೆಂಡ್ ಗೇರು ಹಾಕ್ರಿ! ಬಿಡ್ರಿ ಕ್ಲಚ್ಚು!" ಎಂದು ಚಂದ್ರಾಮ ಹಿಂದಿನಿಂದ ಕೂಗಿದ. ಅವಳು ಬಿಟ್ಟಳು. ಕಾರು ಒಮ್ಮೆ ಬಿಕ್ಕಿ ನಿಂತಿತು. ಮತ್ತೆ ತಳ್ಳಿದರು, ಮತ್ತೆ ಬಿಕ್ಕಿತು. ಇಳಿಜಾರು ಮುಗಿಯಿತು. ಮೆಕ್ಯಾನಿಕ್ ಹುಲಗೇಶನಿಗೆ ಫೋನು ಮಾಡದೆ ಉಪಾಯವಿರಲಿಲ್ಲ. ಹುಡುಗರಿಬ್ಬರು ಕೈ ಒರೆಸಿಕೊಂಡು ಕೆಲಸಕ್ಕೆ ಹೋದರು. ಅವಳು ಇಳಿದು ಕಾಂಪೌಂಡಿನ ಪಕ್ಕದ ಮರಗಳ ಕೆಳಗೆ ನಿಂತಳು. ನೀರುಕಾಯಿ ಮರ, ಅದರ ಆಚೆ ಎಲೆ ಕೆಂಪಾಗತೊಡಗಿದ ಬಾದಾಮಿ, ಅದರಾಚೆ ಬಸವನಪಾದ, ಕೊನೆಗೆ ಆಕಾಶಮಲ್ಲಿಗೆ. ಇವುಗಳ ಹೆಸರೆಲ್ಲ ಅವಳಿಗೆ ಮದುವೆಯ ಮೇಲೆ ಬಂದವು. ತೋಟಗಾರಿಕೆ ಇಲಾಖೆಯಲ್ಲಿದ್ದ ಮಲ್ಲಿಕಾರ್ಜುನ ಬಂಧುಗಳ ಹೆಸರು ಮರೆತರೂ ಮರದ ಹೆಸರು ಮರೆಯದ ಮನುಷ್ಯ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ತೋರಿಸಿ ಹೇಳುತ್ತಿದ್ದ. ಅವಳು ತಪ್ಪು ಹೇಳಿದರೆ ಮುಂದಿನ ಸ್ಟಾಪಿನವರೆಗೆ ಮಾತಾಡುತ್ತಿರಲಿಲ್ಲ. ಮಕ್ಕಳಿಲ್ಲದ ಇಬ್ಬರ ಮನೆಯಲ್ಲಿ ಜಗಳಕ್ಕೆ ಮರಗಳಾದರೂ ಇದ್ದವು. ಎರಡೂವರೆ ವರ್ಷದ ಹಿಂದೆ ಒಂದು ಮಧ್ಯಾಹ್ನ ಉಣ್ಣುತ್ತ ಕುಳಿತವನ ಬಲಗೈಯಿಂದ ತುತ್ತು ಜಾರಿತು, ಬಾಯಿಂದ ಮಾತು ಜಾರಿತು. ಆಸ್ಪತ್ರೆಯಲ್ಲಿ ಹನ್ನೊಂದನೇ ದಿನ ಒಂದು ಶಬ್ದ ಮರಳಿತು: ಮಂಗಳವಾರ. ನೀರು ಬೇಕೆಂದರೆ ಮಂಗಳವಾರ, ನೋವೆಂದರೆ ಮಂಗಳವಾರ, ಫ್ಯಾನು ಆರಿಸು ಎಂದರೂ ಅದೇ. ಹಾಗೂ ಆಗುತ್ತದೆ, ಒಂದು ಶಬ್ದ ಸಿಕ್ಕಿಹಾಕಿಕೊಳ್ಳುತ್ತದೆ, ಒಳಗಿನ ತಿಳಿವಳಿಕೆಗೆ ಏನೂ ಆಗಿಲ್ಲ ಎಂದಿದ್ದರು ಡಾಕ್ಟರು. ಒಳಗಿನದು ನೆಟ್ಟಗಿದೆ ಎನ್ನುವುದೇ ಅವಳಿಗೆ ಹೆಚ್ಚಿನ ಹೆದರಿಕೆ. ಅವನಿಗೆ ಎಲ್ಲ ತಿಳಿಯುತ್ತದೆ, ಅಂದರೆ ಅವಳೆಂಥವಳು ಎಂಬುದೂ ತಿಳಿಯುತ್ತದೆ.

ಆ ಮೊದಲ ಚಳಿಗಾಲದಲ್ಲಿ ಅವಳು ಕೈಗೆ ಸಿಕ್ಕ ಸೀರೆ ಸುತ್ತಿಕೊಂಡು ಕೆಲಸಕ್ಕೆ ಓಡುತ್ತಿದ್ದಳು. ಒಂದು ದಿನ ಬಿಳಿ ಮೈಗೆ ಹಸಿರು ಅಂಚು. ಕಾರಿನ ಗಾಜಿನ ತುಂಬ ಆಕಾಶಮಲ್ಲಿಗೆ ಬಿದ್ದಿತ್ತು, ಒಂದೆರಡು ಅವಳ ಸೆರಗಿಗೂ ಸಿಕ್ಕಿಕೊಂಡಿದ್ದವು. ದಾಖಲೆಗಳ ಮೇಜಿನ ಉಮಾಶ್ರೀ ನೋಡಿ ನಕ್ಕು, ತೆಲುಗಿನಲ್ಲಿ, "ಏಂಟಕ್ಕಾ, ಚೆಟ್ಟೇ ವಚ್ಚೇಸಿಂದಿ!" ಎಂದಳು. ಮರವೇ ಬಂದುಬಿಟ್ಟಿದೆ. ಪ್ರಿಯಂವದಾಗೆ ಎಷ್ಟೋ ತಿಂಗಳ ಮೇಲೆ ನಗು ಬಂತು, ಬಂದದ್ದು ಎಷ್ಟು ಹೊತ್ತಾದರೂ ಹೋಗಲಿಲ್ಲ. ಮರುದಿನ ಬೇಕೆಂದೇ ಅಡುಗೆಮನೆಯ ಕಿಟಕಿಯಿಂದ ಬಸವನಪಾದ ನೋಡಿ ನೇರಳೆ ಗುಲಾಬಿಯ ಮಂಗಳಗಿರಿ ಉಟ್ಟಳು. ಈಗ ಅವಳು ಒಳಗೆ ಕಾಲಿಟ್ಟರೆ ನಾಲ್ಕೂ ಮೇಜಿನಿಂದ ಒಂದೇ ಪ್ರಶ್ನೆ: ಇವತ್ತು ಯಾವ ಗಿಡ? ಊಟದ ಹೊತ್ತಿಗೆ ಯಾರಾದರೂ ಸರಿಯಾಗಿ ಹೇಳುತ್ತಾರೆ, ಹೇಳಿದವರಿಗೆ ಅವಳ ಡಬ್ಬಿಯ ಶೇಂಗಾ ಹೋಳಿಗೆ. ಐವತ್ತೊಂದನೆಯ ವಯಸ್ಸಿನಲ್ಲಿ ಅವಳಿಗೆ ಬೆಳಿಗ್ಗೆ ಏಳುವುದು ಇಷ್ಟವಾಗತೊಡಗಿತ್ತು. ಆ ಇಷ್ಟವೇ ಗಂಟಲಲ್ಲಿ ಮುಳ್ಳು. ಮನೆಯಲ್ಲಿ ಒಬ್ಬನಿಗೆ ಎಡಗೈಯಿಂದ ಚಮಚ ಎತ್ತುವುದು ದಿನದ ಕೆಲಸವಾಗಿರುವಾಗ, ಬಣ್ಣದ ಯೋಚನೆ ಮಾಡುತ್ತ ಕನ್ನಡಿಯ ಮುಂದೆ ನಿಲ್ಲುವ ಹೆಂಗಸು ಎಂಥವಳು? ಅರ್ಜಿ ತುಂಬುವಾಗ ಅವಳು ಕಾರಣ ಎಂಬ ಕಾಲಮ್ಮಿನಲ್ಲಿ ಗಂಡನ ಆರೈಕೆ ಎಂದು ಬರೆದಿದ್ದಳು. ಶಿಕ್ಷೆ ಎಂದು ಬರೆಯಲು ಕಾಲಮ್ಮಿರಲಿಲ್ಲ.

ಹುಲಗೇಶ ಸ್ಕೂಟರಿನ ಮುಂದೆ ಬ್ಯಾಟರಿ ಇಟ್ಟುಕೊಂಡು ಬಂದ. ಕೊಪ್ಪಳದ ಕಡೆಯ ನಲವತ್ತರ ಮನುಷ್ಯ. ಮಾತಿಗೂ ಕೈಗೂ ಪುರುಸೊತ್ತಿಲ್ಲ. ಬಾನೆಟ್ಟು ಎತ್ತಿ, ವೈರು ಸಿಕ್ಕಿಸಿ, ಮೀಟರು ನೋಡಿ, ನೆಟ್ಟಗೆ ನಿಂತು ಸೊಂಟಕ್ಕೆ ಕೈಕೊಟ್ಟ.

"ಮೇಡಮ್ಮೋರೆ, ಎರಡ ವರ್ಷದಾಗ ಎರಡ ಬ್ಯಾಟರಿ ಹಾಕೀನಿ. ಈ ಮೂರನೇದ್ದು ಹಾಕಿ ಇನ್ನಾ ತಿಂಗಳಾಗಿಲ್ಲ. ಊರ ತುಂಬ ನನ್ನ ಬ್ಯಾಟರಿ ಓಡ್ತಾವ್ರಿ. ನಿಮ್ಮ ಮನ್ಯಾಗ ಅಷ್ಟ ಸಾಯ್ತಾವ."

"ಥಂಡಿಗೆ ಅಲ್ಲೇನು?"

"ಇದೇನು ಕಾಶ್ಮೀರ ಏನ್ರಿ? ಈ ಥಂಡಿಗೆ ಸೊಳ್ಳಿ ಸುದ್ದಾ ಸಾಯಂಗಿಲ್ಲ." ಅವನು ಒಳಗೆ ಬಗ್ಗಿ ಛಾವಣಿಯ ಸಣ್ಣ ದೀಪದ ಗುಂಡಿ ನೋಡಿದ, ರೇಡಿಯೋ ನೋಡಿದ. "ಖರೇ ಹೇಳ್ರಿ. ಇಂಜಿನ್ ಬಂದ್ ಮಾಡಿ ಒಳಗ ಯಾರರ ಕುಂದರ್ತಾರೇನು?"

"ಇಲ್ಲ," ಎಂದಳು ಪ್ರಿಯಂವದಾ.

"ಮೇಡಮ್ಮೋರ ದಿನಾ ಕುಂದರ್ತಾರಲ್ಲ," ಎಂದ ಚಂದ್ರಾಮ. ಅವನಿಗೆ ಸಹಾಯ ಮಾಡುವ ಆತುರ. "ಸಂಜಿಕ ಐದೂವರಿಗೆ ಬರ್ತಾರ, ಆರರ ತನಕ ಒಳಗ ಕುಂತಿರ್ತಾರ. ಲೈಟು ಹಚ್ಚಿ. ಹಾಡು ಸಣ್ಣಗ ಕೇಳತೈತಿ. ನಾನ ಆ ಕಡಿ ಯಾರೂ ಹೋಗದಂಗ ನೋಡ್ಕೋತೀನಿ. ದಣದಿರ್ತಾರ, ಕುಂದರ್ಲಿ ಅಂತ."

ಅವಳ ಕಿವಿ ಬಿಸಿಯಾಯಿತು. ಯಾರೂ ನೋಡುವುದಿಲ್ಲವೆಂದು ನಂಬಿದ್ದ ಅರ್ಧ ತಾಸಿಗೆ ಇಷ್ಟು ದಿನ ಒಬ್ಬ ಕಾವಲುಗಾರನಿದ್ದ. ಹುಲಗೇಶನಿಗೆ ಮಾತ್ರ ಒಗಟು ಬಿಡಿಸಿದ ಸಂತೋಷ. "ಆತಲ್ರಿ! ಬ್ಯಾಸಗ್ಯಾಗ ಮುಚ್ಚಿದ ಗಾಡ್ಯಾಗ ಕುಂದರಾಕ ಆಗಂಗಿಲ್ಲ, ಬೆಂದು ಹೋಗ್ತೀರಿ. ಅದಕ್ಕ ಬ್ಯಾಸಗ್ಯಾಗ ಗಾಡಿ ಗಟ್ಟಿ. ಚಳಿಗಾಲದಾಗ ಆರಾಮ್ ಕುಂದರ್ತೀರಿ, ಲೈಟು, ಹಾಡು, ಫೋನ್ ಚಾರ್ಜು. ಇಂಜಿನ್ ಓಡದಿದ್ರ ಬ್ಯಾಟರಿ ಏನ್ ಉಂಡು ಬದುಕಬೇಕು? ಒಂದೆರಡ ದಿನ ಆ ಲೈಟ್ ಆರಿಸೂದೂ ಮರ್ತಿರ್ತೀರಿ. ಗಾಡಿಗೆ ರೋಗ ಇಲ್ರಿ."

ಗಾಡಿಗೆ ರೋಗ ಇಲ್ಲ. ಅವಳು ಬಾದಾಮಿ ಮರದ ಕಾಂಡಕ್ಕೆ ಕೈಯಾನಿಸಿ ನಿಂತಳು. ಆ ಅರ್ಧ ತಾಸಿನಲ್ಲಿ ಅವಳು ಏನೂ ಮಾಡುವುದಿಲ್ಲ. ಮೊದಲು ಕೋಟು ಹಾಕಿಕೊಳ್ಳುತ್ತಾಳೆ, ಒಂದೊಂದೇ ಗುಂಡಿ. ಹಾಕಿಕೊಂಡು ಕೂಡುತ್ತಾಳೆ. ಮುಖದಿಂದ ಫ್ಯಾಕ್ಟರಿಯ ನಗು ಇಳಿಯಬೇಕು. ನಗು ಉಟ್ಟುಕೊಂಡು ಮೇಲೆ ಹೋಗಬಾರದು. ಕನ್ನಡಿಯಲ್ಲಿ ನೋಡಿ, ಸಾಕಷ್ಟು ದಣಿದ ಹೆಂಡತಿಯ ಹಾಗೆ ಕಾಣುತ್ತೇನೆಂದು ಖಾತ್ರಿಯಾದ ಮೇಲೆ ಲಿಫ್ಟಿನ ಕಡೆ ನಡೆಯುತ್ತಾಳೆ. ಬೇಸಿಗೆಯಲ್ಲಿ ಸೆಕೆಯೇ ಆ ಕೆಲಸ ಮಾಡಿಕೊಡುತ್ತದೆ, ಲಿಫ್ಟಿನ ಬಾಗಿಲಿಗೆ ಬರುವಷ್ಟರಲ್ಲಿ ಮುಖ ತಾನೇ ಬಾಡಿರುತ್ತದೆ. ಚಳಿಗಾಲದಲ್ಲಿ ನಗು ಬೇಗ ಇಳಿಯುವುದಿಲ್ಲ. ಹೀಗೆ ಅವಳು ಮೂರು ಚಳಿಗಾಲ ತನ್ನ ಸಂತೋಷವನ್ನು ಆರಿಸಲು ಕೂತು ಬ್ಯಾಟರಿ ಆರಿಸಿದಳು. ನಗು ಬರಬೇಕಿತ್ತು, ಅಳು ಬಂತು. ಕೆಮ್ಮಿದ ಹಾಗೆ ಮಾಡಿ ಮುಖ ತಿರುಗಿಸಿದಳು.

ತಿರುಗಿದರೆ ಎದುರಿಗೆ ಹುಸೇನಮ್ಮ, ಕೈಯಲ್ಲಿ ಊಟದ ಡಬ್ಬಿ. ಹಗಲು ಮಲ್ಲಿಕಾರ್ಜುನನನ್ನು ನೋಡಿಕೊಳ್ಳುವವಳು. ಬೆಳಿಗ್ಗೆ ಏಳಕ್ಕೆ ಬರುತ್ತಾಳೆ, ಪ್ರಿಯಂವದಾ ಮೇಲೆ ಬಂದ ಮೇಲೆಯೇ ಹೋಗುತ್ತಾಳೆ. ಅಂದರೆ ಆ ಅರ್ಧ ತಾಸು ಇವಳದೂ ಆಗಿತ್ತು. ಅದೂ ಈಗ ಹೊಳೆಯಿತು.

"ಡಬ್ಬಿ ಮರ್ತೀರಿ ಬಾಯಾರೆ. ಸಾಹೇಬ್ರು ಮ್ಯಾಲಿಂದ ನೋಡಿ ನನ್ನ ದಬ್ಬಿದ್ರು. ಹೋಗು, ಕೊಟ್ಟು ಬಾ ಅಂತ."

"ಮ್ಯಾಲಿಂದ ನೋಡಿದ್ರಾ?"

"ಮತ್ತ! ನಿಮ್ಮ ಗಾಡಿ ಚಾಲೂ ಆಗದ ದಿನ ಅವ್ರಿಗಿ ಹಬ್ಬ ಅಲ್ರಿ." ಹುಸೇನಮ್ಮ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. "ನೀವು ಲಿಫ್ಟ್ ಹತ್ತಿದ್ದ ತಡ, ಬಾಲ್ಕನಿಗಿ ಒಯ್ಯಿ ಅಂತ ಕೈ ಮಾಡ್ತಾರ. ಕುಂತು ಗೇಟ್ ನೋಡ್ತಾರ. ಗಾಡಿ ಸುಮ್ಮಕ ಹೋತು ಅಂದ್ರ ಮಾರಿ ಸಣ್ಣದಾಗತೈತಿ, ಚಾ ಸುದ್ದಾ ಕುಡಿಯಂಗಿಲ್ಲ. ಗಾಡಿ ನಿಂತು ನೀವು ಕ್ವಾಟು ಇಲ್ದ ಇಳದ್ರಿ ಅಂದ್ರ... ನೋಡ್ರಿ ಬೇಕಾರ. ಆ ಕ್ವಾಟಿನ್ಯಾಗ ನೀವು ಹೆಂಗ ಕಾಣ್ತೀರಿ ಅಂತ ನಾನೂ ನೋಡೀನಲ್ಲ. ಬ್ಯಾಂಕಿನ ಗೋಡಿಗತೆ."

ಪ್ರಿಯಂವದಾ ತಲೆಯೆತ್ತಿದಳು. ಮೂರನೆಯ ಮಹಡಿಯ ಕಂಬಿಯ ಹಿಂದೆ ಮಲ್ಲಿಕಾರ್ಜುನ, ಉಣ್ಣೆಯ ಟೊಪ್ಪಿಗೆಯಲ್ಲಿ, ಎಡಗೈಯಿಂದ ಕಂಬಿ ಹಿಡಿದು ಮುಂದಕ್ಕೆ ಬಾಗಿದ್ದ. ಅವಳು ನೋಡಿದ್ದು ಕಂಡು ಕೈ ಬಿಟ್ಟು ಬೆರಳು ನೀಡಿದ. ಬೆರಳು ನೀರುಕಾಯಿ ಮರದ ಕಡೆ ಹೋಯಿತು, ಅವಳ ಕಡೆ ಬಂತು, ಮತ್ತೆ ಮರದ ಕಡೆ ಹೋಯಿತು. ಆಮೇಲೆ ತಲೆ ಅತ್ತಿತ್ತ ಆಡಿತು: ಅಷ್ಟಕ್ಕಷ್ಟೇ. ಹೊಂದಲಿಲ್ಲ. ಸೀರೆಯ ಕೆಂಪು ಒಂದು ಎಳೆ ಹೆಚ್ಚು. ಬಸ್ಸಿನ ಕಿಟಕಿಯ ಪಕ್ಕ ಕೂತು ಮುಂದಿನ ಸ್ಟಾಪಿನವರೆಗೆ ಮಾತು ಬಿಡುತ್ತಿದ್ದವನ ಅದೇ ಮುಖ.

ಕಾರು ಹೊರಟಿತು. ಬಾಲಾನಗರದವರೆಗೆ ಅವಳಿಗೆ ರಸ್ತೆ ಕಂಡಿತೋ ಇಲ್ಲವೋ ನೆನಪಿಲ್ಲ. ಉಮಾಶ್ರೀ ಗಿಡದ ಹೆಸರು ಸರಿಯಾಗಿ ಹೇಳಿ ಹೋಳಿಗೆ ಗೆದ್ದಳು. ಕೆಂಪು ಒಂದೆಳೆ ಹೆಚ್ಚಾಯಿತಂತೆ ಎಂದು ಪ್ರಿಯಂವದಾ ಹೇಳಿದರೆ, ಯಾರಂದರು ಎಂದು ಕೇಳಿದಳು. "ನಮ್ಮ ಮನೆಯವರು." ಎರಡೂವರೆ ವರ್ಷದಲ್ಲಿ ಅವಳು ಆ ಮಾತನ್ನು ಯಾರ ಮುಂದೂ ಹೀಗೆ, ಬರೀ ದೂರಿನ ದನಿಯಲ್ಲಿ, ಹೇಳಿರಲಿಲ್ಲ. ಮಧ್ಯಾಹ್ನ ಸಿಬ್ಬಂದಿ ವಿಭಾಗದಿಂದ ಫೋನು ಬಂತು: ಅರ್ಜಿ ಕೊಡುತ್ತೀರೋ ಇಲ್ಲವೋ, ಮತ್ತೆ ಅವಕಾಶವಿಲ್ಲ. ನಾಳೆ ಹೇಳುತ್ತೇನೆ ಎಂದಳು. ಕಾಗದ ಎದುರಿಗಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಇದನ್ನು ಭವಾನಿ ಅಕ್ಕನಿಗೆ ಓದಿ ಹೇಳಿದ್ದಳು, ಡಾಕ್ಟರಿಗೆ ಹೇಳಿದ್ದಳು, ದೇವರ ಮುಂದೆ ಒಂದು ದಿನ ಇಟ್ಟಿದ್ದಳು. ಯಾರ ಆರೈಕೆಗೆಂದು ಬರೆದಿದ್ದಳೋ ಅವನನ್ನು ಕೇಳಿರಲಿಲ್ಲ. ಮಾತಿಲ್ಲದವನನ್ನು ಕೇಳುವುದೇನು ಎಂದುಕೊಂಡಿರಬೇಕು, ಅಥವಾ ಅದನ್ನೂ ಅಂದುಕೊಂಡಿರಲಿಲ್ಲ.

ಸಂಜೆ ಐದೂವರೆಗೆ ಅವಳು ಪಾರ್ಕಿಂಗಿನಲ್ಲಿ ಇಂಜಿನ್ ಆರಿಸಿದಳು, ಅಭ್ಯಾಸದಂತೆ ಕೈ ಹಿಂದಿನ ಸೀಟಿಗೆ ಹೋಯಿತು. ಕೋಟಿನ ಕಾಲರು ಬೆರಳಿಗೆ ತಗುಲಿತು. ಹಾಗೇ ಬಿಟ್ಟು ಬಾಗಿಲು ತೆರೆದು ಇಳಿದಳು. ಲಿಫ್ಟಿನಲ್ಲಿ ಹಾಲಿನ ಪೊಟ್ಟಣದ ಹೆಂಗಸು ಇದ್ದಳು. ಪ್ರಿಯಂವದಾ ಸೆರಗು ಸರಿಮಾಡಿಕೊಂಡಳು, ಮೂರನೆಯ ಮಹಡಿ ಬರಲು ಇಷ್ಟು ಹೊತ್ತು ಹಿಡಿಯುತ್ತದೆಂದು ಇಷ್ಟು ದಿನ ಗೊತ್ತಾಗಿರಲಿಲ್ಲ.

ಹುಸೇನಮ್ಮ ಬಾಗಿಲು ತೆರೆದು ಗಡಿಯಾರ ನೋಡಿ, "ಯಾಕ್ರಿ, ಆರಾಮ ಇಲ್ಲೇನು?" ಎಂದಳು. ಮಲ್ಲಿಕಾರ್ಜುನ ಬಾಲ್ಕನಿಯ ಬಾಗಿಲಲ್ಲಿ ಕುರ್ಚಿಯಲ್ಲಿದ್ದ. ಅವಳು ಕೈಚೀಲ ಇಳಿಸದೆ ಅವನೆದುರು ಹೋಗಿ ನೆಲದ ಮೇಲೆ ಕುಳಿತು ಅರ್ಜಿ ಬಿಚ್ಚಿ ಅವನ ತೊಡೆಯ ಮೇಲಿಟ್ಟಳು.

"ಇದು ಕೆಲಸ ಬಿಡೋ ಅರ್ಜಿ. ನಾಳೆ ಕೊನೇ ದಿನ. ಮನ್ಯಾಗ ನಿಮ್ಮ ಜೋಡಿ ಇರ್ಲಿ ಅಂತ ಎಲ್ಲಾರೂ ಅಂತಾರ. ನಾನೂ ಬರದೀನಿ. ನಿಮ್ಮನ್ನ ಕೇಳಿರ್ಲಿಲ್ಲ." ಕಾಗದದ ಮಡಚಿದ ಮೂಲೆ ನೆಟ್ಟಗೆ ಮಾಡಿದಳು. "ನಂಗ ಅಲ್ಲಿ ಹೋಗೂದು ಭಾಳ ಸೇರತೈತಿ. ಅದಕ್ಕ ನಾಚಿಕಿ ಬರತೈತಿ. ಈಗ ನೀವು ಹೇಳ್ರಿ."

ಅವನು ಓದಿದ. ಓದಲು ತಡವಾಗುತ್ತದೆ, ಬೆರಳು ಸಾಲಿನ ಕೆಳಗೆ ತೆವಳುತ್ತ, ಕಾರಣ ಎಂಬಲ್ಲಿ ನಿಂತಿತು. ಅವನ ಮುಖ ಕಪ್ಪಿಟ್ಟಿತು. "ಮಂಗಳವಾರ!" ಎಂದ. ಗಟ್ಟಿಯಾಗಿ, ಬೈಯುವ ಹಾಗೆ. ಕಾಗದ ನೆಲಕ್ಕೆ ಬಿತ್ತು. ವಾಕರು ಎಳೆದುಕೊಂಡು ಎದ್ದ. ಹುಸೇನಮ್ಮ ಹಿಡಿಯಲು ಬಂದರೆ ಮೊಳಕೈಯಿಂದ ಸರಿಸಿದ. ಒಂದೊಂದೇ ಹೆಜ್ಜೆ, ಮಲಗುವ ಕೋಣೆಗೆ, ಅಲಮಾರಿನ ಮುಂದಕ್ಕೆ. ಸಿಟ್ಟಾಗಿ ಮಲಗಲು ಹೊರಟ ಎಂದುಕೊಂಡ ಪ್ರಿಯಂವದಾ ಬಾಗಿಲಲ್ಲೇ ನಿಂತಳು. ಅವನು ಎಡಗೈಯಿಂದ ಅಲಮಾರು ತೆರೆದು, ಬಣ್ಣಬಣ್ಣದ ಮಡಿಕೆಗಳನ್ನು ಒಂದೊಂದಾಗಿ ಸರಿಸಿ, ತೀರ ಕೆಳಗಿನಿಂದ ಒಂದನ್ನು ಎಳೆದ. ಮೇಲಿನ ನಾಲ್ಕು ಸೀರೆ ಜಾರಿ ಬಿದ್ದವು. ಎಳೆದದ್ದು ಹಳೆಯ ನಾರಾಯಣಪೇಟ. ಕಂದು ಮೈ, ಗೇಣಗಲದ ಹಳದಿ ಅಂಚು. ಅಳತೆಯ ಕೋಣೆಯ ಕಾಲದಲ್ಲಿ ಕೋಟಿನೊಳಗೆ ಯಾವುದಾದರೇನು ಎಂದು ಉಡುತ್ತಿದ್ದದ್ದು. ಅದನ್ನು ಹಾಸಿಗೆಯ ಮೇಲೆ ಎಸೆದು ಮತ್ತೆ ಹುಡುಕಿದ, ಬಹಳ ಹೊತ್ತು ಹುಡುಕಿ ಒಂದು ಕಪ್ಪು ಕುಪ್ಪಸ ತೆಗೆದು ಅದರ ಮೇಲಿಟ್ಟ. ಅಂಗೈಯಿಂದ ಎರಡು ಸಲ ಬಡಿದ.

"ನಾಳೆ ಇದನ್ನ ಉಟ್ಟು ಹೋಗಂತೀರಿ? ಕೆಲಸಕ್ಕ?"

ಮತ್ತೊಂದು ಸಲ ಬಡಿದ.

ಅವಳು ಹಾಸಿಗೆಯ ಅಂಚಿಗೆ ಕುಳಿತಳು. ಕುಳಿತವಳಿಗೆ ಆ ಸೀರೆ ಕಣ್ಣಿಗೆ ಬಿದ್ದು, ಬಾಯಿಗೆ ಬಂದದ್ದು ಬೇರೆಯೇ ಮಾತು: "ಆದ್ರ ಇದು ಯಾವ ಗಿಡ? ಹಿಂಗ ಯಾವ ಗಿಡಾನೂ ಇಲ್ಲ. ನೀವು ಸುಮ್ಮ ಮಸ್ಕಿರಿ ಮಾಡಾಕತ್ತೀರಿ."

ಅವನು ಹಣೆ ಹಣೆ ಬಡಿದುಕೊಂಡ. ಅವಳ ಮಣಿಕಟ್ಟು ಹಿಡಿದು, ಇನ್ನೊಂದು ಪಕ್ಕ ಹುಸೇನಮ್ಮನ ಮೇಲೆ ಭಾರ ಹಾಕಿ, ಬಾಲ್ಕನಿಗೆ ಎಳೆದೊಯ್ದ. ಹೊರಗೆ ಇನ್ನೂ ಬೆಳಕಿತ್ತು. ಆಕಾಶಮಲ್ಲಿಗೆ ಮರದ ತುಂಬ ಗದ್ದಲ, ಸಂತೆ ಮುಗಿಯುವ ಹೊತ್ತಿನ ಚೌಕಾಸಿಯ ಹಾಗೆ. ಗೊರವಂಕಗಳು ರಾತ್ರಿಯ ಜಾಗಕ್ಕೆ ಕಿತ್ತಾಡುತ್ತಿದ್ದವು. ಒಂದು ಬಂದು ಕಂಬಿಯ ಮೇಲೆ, ಎರಡು ಮಾರು ದೂರ, ಕುಳಿತಿತು. ಕಪ್ಪು ತಲೆ, ಕಂದು ಮೈ, ಕೊಕ್ಕಿಗೂ ಕಾಲಿಗೂ ಕಣ್ಣಿನ ಸುತ್ತಿಗೂ ಅಚ್ಚ ಹಳದಿ. ಮಲ್ಲಿಕಾರ್ಜುನ ಅವಳ ಮುಖ ನೋಡಿದ. ಗಿಡ ಒಂದನ್ನೇ ನೋಡಿದೆಯಲ್ಲ, ದಡ್ಡಿ, ಎನ್ನುವ ಹಾಗೆ.

"ಅಯ್ಯ," ಎಂದಳು ಹುಸೇನಮ್ಮ, "ಈ ಜಗಳ ನಡೀತಂದ್ರ ನಂದು ಬಸ್ ತಪ್ಪಿಹೋಗತೈತಿ ನೋಡ್ರಿ."

"ನೀ ಹೋಗವ್ವ. ನಾಳಿಂದ ಐದೂವರಿಗೆ ಹೋಗಬೇಕು ನೀ. ಇಷ್ಟ ದಿನದ್ದು ನನ್ನ ತಪ್ಪು."

ಅವಳು ಹೋದ ಮೇಲೆ ಪ್ರಿಯಂವದಾ ಇಸ್ತ್ರಿ ಬಿಸಿಗಿಟ್ಟಳು. ವರ್ಷಗಟ್ಟಲೆ ತಳದಲ್ಲಿದ್ದ ಸೀರೆ, ಮಡಿಕೆ ಬಿದ್ದಲ್ಲೆಲ್ಲ ಗೆರೆ. ಉದ್ದಕ್ಕೂ ತೀಡಿ ಮುಗಿಸಿದಾಗ ಮಡಚಲು ಇನ್ನೊಂದು ಜೊತೆ ಕೈ ಬೇಕಾಯಿತು. ಅವನು ಕುರ್ಚಿಯಿಂದ ಎಡಗೈ ನೀಡಿದ. ಎರಡು ತುದಿಯನ್ನು ಒಂದೇ ಮುಷ್ಟಿಯಲ್ಲಿ ಹಿಡಿಸಿ ಅವಳು ಕೋಣೆಯ ಆ ತುದಿಗೆ ನಡೆದು ಬಿಗಿ ಎಳೆದಳು. ಅವನ ಮುಷ್ಟಿಯಿಂದ ಒಂದು ತುದಿ ಜಾರಿ ಹಳದಿ ಅಂಚು ನೆಲಕ್ಕೆ ಬಿತ್ತು. "ಗಟ್ಟಿ ಹಿಡೀರಿ ಅಂದ್ರ," ಎಂದಳು. "ಮಂಗಳವಾರ," ಎಂದು ಅವನು ಗೊಣಗಿದ. ಎಳೆದದ್ದು ನೀನು ಎಂದಿರಬೇಕು. ಅವಳು ಬಂದು ತುದಿಯನ್ನು ಅವನ ಬೆರಳಿಗೆ ಒಂದು ಸುತ್ತು ಸುತ್ತಿಕೊಟ್ಟು ಮತ್ತೆ ಹಿಂದೆ ಹಿಂದೆ ನಡೆದಳು.